ಎರಡು ವರ್ಷದ ಕುದುರೆ ಇನ್ನೂ ಮರಿಯೇ

ಕುಣಿಗಲ್ ಕುದುರೆ ಫಾರಂ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂದಾಗಿನಿಂದ ತುಮಕೂರು ಜಿಲ್ಲೆಯಲ್ಲಿ ಪರ ವಿರೋಧದ ಮಾತು ನಡೆಯುತ್ತಲೇ ಇದೆ. 400 ಎಕರೆಗೂ ಜಾಸ್ತಿ ಇರುವ ಜಾಗ. ಟಿಪ್ಪು ಕಾಲದಲ್ಲಿ ಸೇನೆಗೆ ಕುದುರೆ ಬೆಳೆಸಿದ ನೆಲ. ಬೆಲೆ ಎಷ್ಟು, ಇತಿಹಾಸ ಏನು, ಮರಗಳ ಗತಿ ಏನು ಅಂತೆಲ್ಲ ಚರ್ಚೆ ಆಗಿದೆ. ಒಂದು ಕುದುರೆ ಬೆಳೆಯಲು ಎಷ್ಟು ವರ್ಷ ಬೇಕು, ಆ ವರ್ಷಗಳಲ್ಲಿ ಅದಕ್ಕೆ ಏನು ಬೇಕು ಅನ್ನುವ ಮಾತು ಮಾತ್ರ ಅಷ್ಟಾಗಿ ಕೇಳಿಬಂದಿಲ್ಲ.

ಇದೇ ಹೊತ್ತಿನಲ್ಲಿ ಬೆಂಗಳೂರಿನ ಸುತ್ತ ಕುದುರೆ ಸಾಕುವ ಆಸೆ ಹಬ್ಬುತ್ತಿದೆ. ತುಮಕೂರು ರಸ್ತೆಯ ತೋಟಗಳು, ನಂದಿ ಬೆಟ್ಟದ ಸುತ್ತಿನ ಫಾರ್ಮ್‌ಹೌಸ್‌ಗಳು, ಕೋಲಾರದ ಹೆದ್ದಾರಿ ಪಕ್ಕದ ರೆಸಾರ್ಟ್‌ಗಳು, ಎಲ್ಲ ಕಡೆ ಒಂದೆರಡು ಕುದುರೆ ಕಾಣುತ್ತವೆ. ಮದುವೆ ಮೆರವಣಿಗೆಗೆ ಕುದುರೆ ಬೇಕು, ರೀಲ್ಸ್‌ಗೆ ಕುದುರೆ ಬೇಕು, ಮಕ್ಕಳ ಹುಟ್ಟುಹಬ್ಬಕ್ಕೂ ಬೇಕು. ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರಲ್ಲ, ಹಾಗೆ ಎಲ್ಲರಿಗೂ ಹತ್ತಬೇಕು. ಹತ್ತುವ ಮುಂಚೆ ಅದರ ವಯಸ್ಸು ಎಷ್ಟು ಅಂತ ಕೇಳುವವರು ಬಹಳ ಕಮ್ಮಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕುದುರೆಯ ಮೈ ಪೂರ್ತಿ ಬಲಿಯುವುದು ಐದೂವರೆಯಿಂದ ಆರು ವರ್ಷಕ್ಕೆ. ಮನಸ್ಸು ನೆಲೆ ನಿಲ್ಲುವುದೂ ಹೆಚ್ಚು ಕಮ್ಮಿ ಆಗಲೇ. ಎರಡು ವರ್ಷಕ್ಕೇ ಜೀನು ಹಾಕಿ ದಿನಗಟ್ಟಲೆ ದುಡಿಸುವುದು, ಅದು ನೋಡಲು ಎಷ್ಟೇ ಎತ್ತರವಿರಲಿ, ಮರಿಯನ್ನು ದುಡಿಸಿದ ಹಾಗೆಯೇ.

ಮೋಸ ಆಗುವುದು ಎತ್ತರದಿಂದ. ಕುದುರೆ ಮರಿ ಹುಟ್ಟುವಾಗಲೇ ಉದ್ದ ಕಾಲು ತರುತ್ತದೆ. ತಾಯಿಯ ಹೊಟ್ಟೆಯಲ್ಲಿ ಸುಮಾರು ಹನ್ನೊಂದು ತಿಂಗಳು ಇದ್ದು ಬಂದ ಮರಿ ಒಂದೆರಡು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಅದೇ ದಿನ ತಾಯಿಯ ಜೊತೆ ಓಡುತ್ತದೆ. ಬಯಲಿನಲ್ಲಿ ಹುಟ್ಟಿ ಓಡಿಯೇ ಬದುಕಬೇಕಾದ ಪ್ರಾಣಿಗೆ ಕಾಲು ಮೊದಲು ಬೇಕು, ಉಳಿದದ್ದು ಆಮೇಲೆ. ಒಂದು ವರ್ಷ ತುಂಬುವಷ್ಟರಲ್ಲಿ ಅದು ದೊಡ್ಡ ಕುದುರೆಯ ಎತ್ತರದ ಶೇ. 90ರಷ್ಟು ಬೆಳೆದಿರುತ್ತದೆ. ತೂಕ ಮಾತ್ರ ಮೂರರಲ್ಲಿ ಎರಡು ಪಾಲು. ಎರಡು ವರ್ಷಕ್ಕೆ ಎತ್ತರದ ಲೆಕ್ಕ ಶೇ. 95 ದಾಟುತ್ತದೆ. ಆಮೇಲೆ ಬೆಳೆಯುವುದೆಲ್ಲ ಕಣ್ಣಿಗೆ ಬೀಳದ ಹಾಗೆ ಒಳಗೇ ನಡೆಯುತ್ತದೆ.

ಒಳಗೆ ಏನಾಗುತ್ತದೆ ಅಂದರೆ, ಉದ್ದ ಮೂಳೆಗಳ ತುದಿಯ ಹತ್ತಿರ ಮೆದುಮೂಳೆಯ ಒಂದು ತೆಳು ಪದರ ಇರುತ್ತದೆ. ವೈದ್ಯರು ಅದನ್ನು ಗ್ರೋಥ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದವಾಗುವುದು ಅಲ್ಲೇ. ಬೆಳವಣಿಗೆ ಮುಗಿದಾಗ ಆ ಪದರವೂ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ತನಕ ಅದು ಮೂಳೆಗಿಂತ ಮೆತ್ತಗೆ. ಜಾಸ್ತಿ ಭಾರ ಬಿದ್ದರೆ, ತಿರುಚಿದರೆ ಮೊದಲು ಪೆಟ್ಟಾಗುವುದು ಅಲ್ಲಿಗೇ.

ಕುದುರೆಯಲ್ಲಿ ಈ ಕೆಲಸ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಗೊರಸಿನ ಒಳಗಿನ ಮೂಳೆ ಹುಟ್ಟುವಾಗಲೇ ಗಟ್ಟಿ. ಅದರ ಮೇಲಿನ ಎರಡು ಗಿಡ್ಡ ಮೂಳೆಗಳು ಒಂದು ವರ್ಷದೊಳಗೆ ಮುಚ್ಚಿಕೊಳ್ಳುತ್ತವೆ. ಮಂಡಿಯ ಕೆಳಗಿನ ಉದ್ದ ಮೂಳೆ ಒಂದೂವರೆ ವರ್ಷದೊಳಗೆ. ಮುಂಗಾಲಿನ ಮಂಡಿಯ ಮೇಲ್ಭಾಗ ಎರಡರಿಂದ ಎರಡೂವರೆ ವರ್ಷಕ್ಕೆ. ತೊಡೆಯ ಮೂಳೆ, ಹೆಗಲಿನ ಕೆಳಗಿನ ಮೂಳೆ ಮೂರು, ಮೂರೂವರೆ ವರ್ಷಕ್ಕೆ. ಹೆಗಲಿನ ಹಲಗೆ ಮೂಳೆ ಮತ್ತು ಸೊಂಟ ನಾಲ್ಕರ ತನಕ ಎಳೆಯುತ್ತವೆ. ಕಟ್ಟಕಡೆಗೆ ಬೆನ್ನುಮೂಳೆ, ಅದರಲ್ಲೂ ಕತ್ತಿನ ಬುಡ. ಅದಕ್ಕೆ ಐದೂವರೆ ವರ್ಷವಾದರೂ ಬೇಕು. ಗಂಡು ಕುದುರೆಗೆ, ಎತ್ತರದ ಕುದುರೆಗೆ ಇನ್ನಷ್ಟು ತಡ.

ಸವಾರ ಕೂರುವುದು ಕುದುರೆಯ ಕಾಲಿನ ಮೇಲಲ್ಲ, ಬೆನ್ನಿನ ಮೇಲೆ. ಎಕ್ಸ್‌ರೇ ತೆಗೆಸಿ 'ಮಂಡಿ ಮುಚ್ಚಿದೆ, ಸವಾರಿಗೆ ರೆಡಿ' ಅನ್ನುವವರಿದ್ದಾರೆ. ಆ ಎಕ್ಸ್‌ರೇ ಮಂಡಿಯ ಬಗ್ಗೆ ಮಾತ್ರ ನಿಜ ಹೇಳುತ್ತದೆ. ಭಾರ ಹೊರುವ ಭಾಗ ಮುಚ್ಚಲು ಇನ್ನೂ ಮೂರು ವರ್ಷ ಬಾಕಿ ಇರುತ್ತದೆ. 'ರೇಸ್ ತಳಿ ಬೇಗ ಬಲಿಯುತ್ತದೆ' ಅನ್ನುವ ಮಾತೂ ಇದೆ. ಥರೋಬ್ರೆಡ್ ತಳಿಯ ಮೈ ಬೇಗ ತುಂಬಿಕೊಳ್ಳುವುದು ನಿಜ, ಮಾಂಸಖಂಡ ಬೇಗ ಕಾಣುವುದೂ ನಿಜ. ಮೂಳೆ ಮುಚ್ಚುವ ಈ ಸರದಿ ಮಾತ್ರ ತಳಿ ನೋಡಿ ಅಷ್ಟೇನೂ ಬದಲಾಗುವುದಿಲ್ಲ.

ನಮ್ಮ ಕಡೆಯ ರೈತರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಸಿದ್ಧಗಂಗಾ ಜಾತ್ರೆಯಲ್ಲಿ, ಆವಣಿ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವವರು ಮೊದಲು ಮಾಡುವ ಕೆಲಸವೇ ಬಾಯಿ ಬಿಡಿಸಿ ನೋಡುವುದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ? ಅದರ ಮೇಲೆ ಬೆಲೆ, ಅದರ ಮೇಲೆ ಕೆಲಸ. ಹಾಲುಹಲ್ಲಿನ ಕರುವಿಗೆ ತುಂಬಿದ ಗಾಡಿ ಕಟ್ಟುವವರನ್ನು ಊರಿನವರೇ ಬೈಯುತ್ತಾರೆ.

ಕುದುರೆಗೂ ಇದೇ ಲೆಕ್ಕ ನಡೆಯುತ್ತದೆ. ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬೀಳುತ್ತದೆ, ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ. ಐದಕ್ಕೆ ಬಾಯಿಗೂಡುತ್ತದೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಕುದುರೆಗೆ ಮೇಲೆ ಕೆಳಗೆ ಎರಡೂ ಕಡೆ ಇವೆ.

ಕುಣಿಗಲ್ ಕಡೆಯ ಒಂದು ತೋಟದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಕೆಂಪು ಬಣ್ಣದ ಗಂಡು ಕುದುರೆ, ಒಳ್ಳೆ ಎತ್ತರ. ಐದು ವರ್ಷ ಅಂತ ಹೇಳಿ ಮಾರಿದ್ದರಂತೆ. ಪಕ್ಕದ ತೋಟದ ಹಿರಿಯರೊಬ್ಬರು ಬಂದು ಕೆಳತುಟಿ ಮೆಲ್ಲಗೆ ಸರಿಸಿದರು. ನಡುವೆ ಎರಡು ಹಲ್ಲು ಅಗಲವಾಗಿ, ಸ್ವಲ್ಪ ಹಳದಿಯಾಗಿ, ಉದ್ದಕ್ಕೆ ಗೀರು ಬಿದ್ದು ನಿಂತಿದ್ದವು. ಅವುಗಳ ಎರಡೂ ಪಕ್ಕ ಬೆಳ್ಳಗೆ, ಪುಟ್ಟದಾಗಿ, ಬುಡದಲ್ಲಿ ಕತ್ತು ಹಿಸುಕಿದ ಹಾಗಿದ್ದ ಹಾಲುಹಲ್ಲುಗಳು. 'ಐದ್ ವರ್ಷ ಎಲ್ಲೈತೆ ಸ್ವಾಮಿ? ಇನ್ನೂ ಎರಡ್ ಹಲ್ಲು ಹಾಕೈತೆ ಅಷ್ಟೇ' ಅಂದರು. ಅವರು ಜೀವನದಲ್ಲಿ ಕುದುರೆ ಸಾಕಿದವರಲ್ಲ. ಆದರೂ ಒಂದು ನೋಟಕ್ಕೆ ಗೊತ್ತಾಯಿತು. ಆ ಕುದುರೆಗೆ ಮೂರರ ಆಸುಪಾಸು.

ಹಲ್ಲಿನ ವಿಷಯದಲ್ಲಿ ಇನ್ನೊಂದು ಮಾತಿದೆ, ಇದನ್ನು ಸವಾರಿ ಕಲಿಸುವವರೂ ಮರೆಯುತ್ತಾರೆ. ಎರಡೂವರೆಯಿಂದ ನಾಲ್ಕೂವರೆ ವರ್ಷದ ಒಳಗೆ ಕುದುರೆ 24 ಹಾಲುಹಲ್ಲು ಕಳೆದುಕೊಂಡು ಅಷ್ಟೇ ಹೊಸ ಹಲ್ಲು ಹಾಕುತ್ತದೆ. ಮುಂದಿನ ಹಲ್ಲೂ ಹೌದು, ಅಗಿಯುವ ಹಲ್ಲೂ ಹೌದು. ಒಸಡು ಊದಿರುತ್ತದೆ, ನೋಯುತ್ತಿರುತ್ತದೆ. ನಾವು ಅದರ ಬಾಯಿಗೆ ಕಬ್ಬಿಣದ ಕಡಿವಾಣ ಇಡಲು ಆರಿಸುವುದೂ ಅದೇ ವಯಸ್ಸನ್ನು. ತಲೆ ಒದರಿದರೆ, ಲಗಾಮಿಗೆ ಬಗ್ಗದಿದ್ದರೆ 'ಮೊಂಡು ಕುದುರೆ' ಅನ್ನುತ್ತೇವೆ. ಹಲ್ಲು ನೋವಿರಬಹುದು ಅನ್ನುವುದು ಹೊಳೆಯುವುದೇ ಇಲ್ಲ.

ಇಷ್ಟೆಲ್ಲ ಇದ್ದರೂ ರೇಸಿನಲ್ಲಿ ಎರಡು ವರ್ಷಕ್ಕೇ ಯಾಕೆ ಓಡಿಸುತ್ತಾರೆ? ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಅಷ್ಟು ಸರಳ ಅಲ್ಲ.

ಮೊದಲು ರೇಸಿನ ವಯಸ್ಸಿನ ಲೆಕ್ಕ ನೋಡೋಣ. ನಮ್ಮ ದೇಶದ ಎಲ್ಲ ರೇಸ್ ಕುದುರೆಗೂ ಹುಟ್ಟುಹಬ್ಬ ಜನವರಿ 1. ಮೇ ತಿಂಗಳಲ್ಲಿ ಹುಟ್ಟಿದ ಮರಿಗೆ ಮುಂದಿನ ಜನವರಿಗೆ ಒಂದು ವರ್ಷ, ಅದರ ಮುಂದಿನ ಜನವರಿಗೆ ಎರಡು ವರ್ಷ. ಅಂದರೆ ಕಾಗದದ ಮೇಲೆ ಎರಡು ವರ್ಷ ಆದಾಗ ನಿಜವಾಗಿ ಅದಕ್ಕೆ ಇಪ್ಪತ್ತು ತಿಂಗಳು. ಓಟದ ತರಬೇತಿ ಶುರುವಾಗುವುದು ಹೆಚ್ಚು ಕಮ್ಮಿ ಈ ವಯಸ್ಸಿನಲ್ಲೇ. ಮುಂಗಾಲಿನ ಮಂಡಿ ಕೂಡ ಆಗ ಪೂರ್ತಿ ಮುಚ್ಚಿರುವುದಿಲ್ಲ.

ಹಾಗಂತ ರೇಸಿನವರ ವಾದ ಬರೀ ಸಬೂಬಲ್ಲ. ಮೂಳೆ ಜೀವಂತ ವಸ್ತು. ಅದರ ಮೇಲೆ ಎಷ್ಟು ಒತ್ತಡ ಬೀಳುತ್ತದೋ ಅದಕ್ಕೆ ತಕ್ಕಂತೆ ಅದು ದಪ್ಪವಾಗುತ್ತದೆ, ಗಟ್ಟಿಯಾಗುತ್ತದೆ. ಕಾಲಿನ ಹಿಂಭಾಗದಲ್ಲಿ ಹುರಿಯಂತೆ ಎಳೆದು ನಿಂತ ಟೆಂಡನ್‌ಗಳು ಕೆಲಸಕ್ಕೆ ತಕ್ಕ ಹಾಗೆ ಹೊಂದಿಕೊಳ್ಳುವುದು ಚಿಕ್ಕ ವಯಸ್ಸಿನಲ್ಲಿ ಜಾಸ್ತಿ. ಎರಡು ವರ್ಷ ದಾಟಿದ ಮೇಲೆ ಆ ಗುಣ ಬಹಳ ಕಮ್ಮಿಯಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಓಟದ ದಾಖಲೆಗಳನ್ನು ನೋಡಿದ ಸಂಶೋಧಕರಿಗೆ, ಎರಡು ವರ್ಷಕ್ಕೇ ಓಟ ಶುರು ಮಾಡಿದ ಕುದುರೆಗಳು ತಡವಾಗಿ ಶುರು ಮಾಡಿದವಕ್ಕಿಂತ ಜಾಸ್ತಿ ವರ್ಷ ಓಡಿದ್ದು ಕಂಡಿದೆ. ಇದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಎರಡು ವರ್ಷಕ್ಕೆ ಓಡಲು ಸಾಧ್ಯವಾದದ್ದು ಮೊದಲೇ ಗಟ್ಟಿಮುಟ್ಟಾಗಿದ್ದ ಕುದುರೆಗಳಿಗೆ. ಕಾಲು ಕೆಟ್ಟವು, ಸೊರಗಿದವು ಅಷ್ಟು ಬೇಗ ಓಟಕ್ಕೇ ಬರಲಿಲ್ಲ. ಹಾಗಾಗಿ ಬೇಗ ಓಡಿಸಿದ್ದೇ ಆಯುಷ್ಯ ಕೊಟ್ಟಿತು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಎಳೆ ಓಟದ ಕುದುರೆಗಳಲ್ಲಿ ಮುಂಗಾಲಿನ ಉದ್ದ ಮೂಳೆಯ ಮುಂಭಾಗ ಊದಿ ನೋಯುವುದು ಎಷ್ಟು ಮಾಮೂಲು ಅಂದರೆ, ಲಾಯಗಳಲ್ಲಿ ಅದನ್ನು ದೊಡ್ಡ ವಿಷಯ ಅಂತಲೇ ನೋಡುವುದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಬೇರೆ. ರೇಸಿನವರ ವಾದವನ್ನು ಫಾರ್ಮ್‌ಹೌಸಿಗೆ ಎತ್ತಿಕೊಂಡು ಬರುವ ಹಾಗಿಲ್ಲ. ಅಲ್ಲಿ ಜಾಕಿಯ ತೂಕ ಐವತ್ತು ಅರವತ್ತು ಕಿಲೋ. ಓಟ ಒಂದೆರಡು ನಿಮಿಷ. ಮೆತ್ತನೆ ಟ್ರ್ಯಾಕ್, ದಿನಾ ಕಾಲು ಮುಟ್ಟಿ ನೋಡುವ ಸೈಸ್ (ಕುದುರೆ ನೋಡಿಕೊಳ್ಳುವ ಆಳು), ಕರೆದರೆ ಬರುವ ಪಶುವೈದ್ಯರು. ಮೂಳೆ ಗಟ್ಟಿಯಾಗುವುದು ಅಂಥ ಚುಟುಕು, ಚುರುಕು ಕೆಲಸದಿಂದ. ಇಲ್ಲಿ ಎಂಬತ್ತೈದು ಕಿಲೋದ ಮನುಷ್ಯ, ಜೊತೆಗೆ ಜೀನಿನ ಭಾರ, ಡಾಂಬರು ರಸ್ತೆ, ಭಾನುವಾರ ಪೂರ್ತಿ ಒಬ್ಬರಾದ ಮೇಲೆ ಒಬ್ಬರು. ಇದರಿಂದ ಯಾವ ಮೂಳೆಯೂ ಗಟ್ಟಿಯಾಗುವುದಿಲ್ಲ. ಸುಮ್ನೆ ಸವೆಯುತ್ತದೆ.

ರೇಸಿನ ಲೋಕವೂ ಒಳಗೊಳಗೇ ಇದನ್ನು ಒಪ್ಪುತ್ತದೆ. ಇಂಗ್ಲೆಂಡಿನ ಡರ್ಬಿ ಮೂರು ವರ್ಷದ ಕುದುರೆಗಳಿಗೆ. ನಮ್ಮ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳಿಗೆ. ಥರೋಬ್ರೆಡ್‌ನ ವೇಗ ತುದಿ ಮುಟ್ಟುವುದು ನಾಲ್ಕೂವರೆ ವರ್ಷದ ಹತ್ತಿರ ಅಂತ ಅಧ್ಯಯನಗಳೂ ಹೇಳುತ್ತವೆ. ಒಲಿಂಪಿಕ್ಸ್‌ನ ಡ್ರೆಸಾಜ್‌ಗೆ (ಸವಾರನ ಸನ್ನೆಯಂತೆ ಹೆಜ್ಜೆ ಹಾಕಿಸುವ ಸ್ಪರ್ಧೆ) ಕುದುರೆಗೆ ಕನಿಷ್ಠ 8 ವರ್ಷ ಆಗಿರಬೇಕು, ಜಂಪಿಂಗ್‌ಗೆ 9. ವಿಯೆನ್ನಾದ ಹೆಸರಾಂತ ಸವಾರಿ ಶಾಲೆಗೆ ಲಿಪಿಝಾನರ್ ಗಂಡು ಕುದುರೆಗಳನ್ನು ತರುವುದು ನಾಲ್ಕು ವರ್ಷದ ಹೊತ್ತಿಗೆ. ಆಮೇಲೂ ಪೂರ್ತಿ ಪಾಠ ಮುಗಿಯಲು ಆರು ವರ್ಷದಷ್ಟು ಹಿಡಿಯುತ್ತದೆ. ಅವು ಇಪ್ಪತ್ತು ದಾಟಿದ ಮೇಲೂ ಪ್ರದರ್ಶನ ಕೊಡುತ್ತವೆ. ಸರಿಯಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅಷ್ಟು ಉದ್ದದ ಆಯುಷ್ಯದಲ್ಲಿ ಮೊದಲ ನಾಲ್ಕು ವರ್ಷ ಕಾಯುವುದು ಜಾಸ್ತಿ ಏನಲ್ಲ, ಅಲ್ವಾ?

ಕಾಯುವುದು ಅಂದರೆ ಲಾಯದಲ್ಲಿ ಕಟ್ಟಿಹಾಕುವುದಲ್ಲ. ಇದು ಅಷ್ಟೇ ದೊಡ್ಡ ತಪ್ಪು. ಮೊದಲ ಒಂದೆರಡು ವರ್ಷ ಮರಿ ತನ್ನಷ್ಟಕ್ಕೆ ಓಡಬೇಕು, ನಿಲ್ಲಬೇಕು, ಥಟ್ಟನೆ ತಿರುಗಬೇಕು, ಜೊತೆಯ ಮರಿಗಳ ಹಿಂದೆ ಬೀಳಬೇಕು. ಕೀಲಿನ ಮೆದುಮೂಳೆ, ಟೆಂಡನ್, ಮೂಳೆ ಎಲ್ಲ ಹದಕ್ಕೆ ಬರುವುದು ಆ ಆಟದಲ್ಲಿ. ಕೊಠಡಿಯಲ್ಲಿ ಕಟ್ಟಿ ಬೆಳೆಸಿದ ಮರಿಗಳ ಮೂಳೆ ಸಡಿಲ ಆಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಕುಣಿಗಲ್‌ನಂಥ ಫಾರಂಗೆ ನೂರಾರು ಎಕರೆ ಯಾಕೆ ಬೇಕು ಅಂದರೆ ಇದಕ್ಕೇ. ಅಲ್ಲಿ ಬೇಲಿ ಹಾಕಿದ ಹುಲ್ಲುಗಾವಲು ಖಾಲಿ ಬಿಟ್ಟ ಜಾಗ ಅಲ್ಲ. ಮರಿಗಳ ಕಾಲು ತಯಾರಾಗುವುದೇ ಅಲ್ಲಿ. 1990ರ ದಶಕದಲ್ಲಿ 30 ವರ್ಷದ ಗುತ್ತಿಗೆಗೆ ಕೊಟ್ಟಾಗಲೂ ಅದು ಕುದುರೆ ಫಾರಂ ಆಗಿಯೇ ಉಳಿದಿತ್ತು. ಸ್ವಲ್ಪ ಜಾಗದಲ್ಲಿ ಕುದುರೆ ಉಳಿಸಿ, ಮಿಕ್ಕಿದ್ದರಲ್ಲಿ ಕಟ್ಟಡ ಕಟ್ಟಬಹುದು ಅನ್ನುವವರು ಈ ಲೆಕ್ಕವನ್ನು ಮೊದಲು ಹಾಕಬೇಕು. ಎಂಟು ಹತ್ತು ಎಕರೆಯಲ್ಲಿ ಲಾಯ ಇಡಬಹುದು. ಮರಿಗಳ ಗುಂಪನ್ನು ಬೆಳೆಸಲು ಆಗುವುದಿಲ್ಲ.

ಮೇವಿನ ವಿಷಯಕ್ಕೂ ಬರಬೇಕು. ಕೋಲಾರ, ಚಿಕ್ಕಬಳ್ಳಾಪುರ ಹಾಲಿನ ಜಿಲ್ಲೆಗಳು. ಇಲ್ಲಿ ಕುದುರೆ ತಂದವರು ಹಸುವಿಗೆ ಹಾಕುವುದನ್ನೇ ಕುದುರೆಗೂ ಹಾಕುತ್ತಾರೆ. ಹಸಿರು ಅಂದರೆ ನೇಪಿಯರ್ ಹುಲ್ಲು, ಹಿಂಡಿ ಬದಲು ಗೋಧಿ ಬೂಸಾ. ಬೆಳೆಯುವ ಕುದುರೆಗೆ ಇವೆರಡೂ ಸೇರಿದರೆ ಅಪಾಯ. ನೇಪಿಯರ್‌ನಲ್ಲಿ ಆಕ್ಸಲೇಟ್ ಇದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದ ಹಾಗೆ ಮಾಡುತ್ತದೆ. ಹಸುವಿನ ಹೊಟ್ಟೆ ಅದನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುತ್ತದೆ, ಕುದುರೆಗೆ ಆಗುವುದಿಲ್ಲ. ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಮೈ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಮೂಳೆಯಿಂದಲೇ ತೆಗೆಯುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಕುಂಟುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಒಣ ಹುಲ್ಲಿನ ಜೊತೆ ಸ್ವಲ್ಪ ಹಾಕಬಹುದು. ಹುರುಳಿ ಒಳ್ಳೆಯದೇ, ಅದಕ್ಕೂ ಮಿತಿ ಬೇಕು. ಮರಿ ಬೇಗ ದಷ್ಟಪುಷ್ಟ ಆಗಲಿ ಅಂತ ಕಾಳು ಸುರಿದರೆ ಮೈ ಮುಂದೆ ಓಡುತ್ತದೆ, ಮೂಳೆ ಹಿಂದೆ ಉಳಿಯುತ್ತದೆ. ಕೀಲು ಊದುವುದು ಅಂಥ ಮರಿಗಳಲ್ಲೇ ಜಾಸ್ತಿ.

ಇನ್ನು ಮನಸ್ಸು. ಇದನ್ನು ಎಕ್ಸ್‌ರೇಯಲ್ಲಿ ನೋಡಲು ಬರುವುದಿಲ್ಲ. ಆದರೆ ಕುದುರೆಗಳು ತಮ್ಮ ಪಾಡಿಗೆ ಬದುಕುವ ಕಡೆ ಹೇಗಿರುತ್ತವೆ ಅನ್ನುವುದು ಚೆನ್ನಾಗಿಯೇ ಗೊತ್ತಿದೆ. ಕಾಡುಬಿದ್ದ ಕುದುರೆಗಳ ಗುಂಪಿನಲ್ಲಿ ಗಂಡು ಮರಿ ಎರಡು ಮೂರು ವರ್ಷದ ಹೊತ್ತಿಗೆ ತಾಯಿಯ ಗುಂಪು ಬಿಡುತ್ತದೆ. ಬಿಟ್ಟ ತಕ್ಷಣ ಯಜಮಾನ ಆಗುವುದಿಲ್ಲ. ತನ್ನಂಥ ಗಂಡುಗಳ ಜೊತೆ ಸೇರಿ ವರ್ಷಗಟ್ಟಲೆ ಆಡುತ್ತದೆ, ಕಚ್ಚಾಡುತ್ತದೆ, ಕಲಿಯುತ್ತದೆ. ಸ್ವಂತ ಗುಂಪು ಕಟ್ಟಿಕೊಳ್ಳುವುದು ಹೆಚ್ಚಾಗಿ ಐದು ಆರು ವರ್ಷಕ್ಕೆ. ಮರಿ ಹುಟ್ಟಿಸುವ ಶಕ್ತಿ ಒಂದೂವರೆ ವರ್ಷದೊಳಗೇ ಬಂದಿರಬಹುದು. ಹೊಣೆ ಹೊರುವ ಬುದ್ಧಿ ಬರಲು ಇನ್ನೂ ನಾಲ್ಕು ವರ್ಷ ಬೇಕು.

ಎಳೆ ಕುದುರೆ ಕಲಿಯುವುದರಲ್ಲಿ ಹಿಂದೆ ಇಲ್ಲ. ಬಹಳ ಬೇಗ ಕಲಿಯುತ್ತದೆ, ಕಲಿತದ್ದನ್ನು ಮರೆಯುವುದೂ ಇಲ್ಲ. 'ಎಲ್ಲ ಕಲಿತಿದೆ, ಇನ್ನೇನು' ಅಂತ ನಾವು ಎಡವುವುದು ಇಲ್ಲೇ. ಕಲಿಯುವುದು ಬೇರೆ, ಭಯವನ್ನು ತಡೆದುಕೊಳ್ಳುವುದು ಬೇರೆ. ಮೂರು ವರ್ಷದ ಕುದುರೆ ಹತ್ತು ನಿಮಿಷ ಹೇಳಿದ್ದು ಕೇಳುತ್ತದೆ, ಹನ್ನೊಂದನೇ ನಿಮಿಷಕ್ಕೆ ಗಮನ ಚದುರುತ್ತದೆ. ಅಂಥ ಕುದುರೆಯನ್ನು ಮದುವೆ ದಿಬ್ಬಣಕ್ಕೆ ತಂದು ತಮಟೆ, ಪಟಾಕಿ, ಡಿಜೆ, ಜನರೇಟರ್ ಲೈಟಿನ ನಡುವೆ ಎರಡು ಗಂಟೆ ನಿಲ್ಲಿಸಿದರೆ ಏನಾಗಬೇಕು? ಬೆದರುತ್ತದೆ, ಹಿಂಗಾಲ ಮೇಲೆ ನಿಲ್ಲುತ್ತದೆ, ಮದುಮಗ ಬೀಳುತ್ತಾನೆ. ವಿಡಿಯೋ ನೋಡಿ ನಗುತ್ತಾರೆ. ಕುದುರೆಗೆ ಆಮೇಲೆ ಸಿಗುವುದು ಏಟು. ಆ ಏಟನ್ನೂ ಅದು ಮರೆಯುವುದಿಲ್ಲ.

ಮರಿಗೆ ದೊಡ್ಡವರ ಸಹವಾಸ ಬೇಕು ಅನ್ನುವುದೂ ಗೊತ್ತಾಗಿದೆ. ಒಂದೇ ವಯಸ್ಸಿನ ಮರಿಗಳನ್ನಷ್ಟೇ ಇಟ್ಟ ಗುಂಪಿಗೆ ಪ್ರಾಯದ ಕುದುರೆಗಳನ್ನು ಸೇರಿಸಿದಾಗ ಮರಿಗಳ ಕಚ್ಚಾಟ ಕಮ್ಮಿಯಾಗಿ ನಡತೆ ತಿದ್ದಿಕೊಂಡಿದ್ದನ್ನು ಫ್ರಾನ್ಸಿನ ಸಂಶೋಧಕರು ನೋಡಿದ್ದಾರೆ. ಫಾರಂಗಳಲ್ಲಿ ನಾಲ್ಕರಿಂದ ಆರು ತಿಂಗಳಿಗೇ ಮರಿಯನ್ನು ತಾಯಿಯಿಂದ ಬಿಡಿಸುತ್ತಾರೆ. ತಾಯಿ ತಾನಾಗಿ ಬಿಡಿಸುವುದು ಹತ್ತು ಹನ್ನೊಂದು ತಿಂಗಳಿಗೆ. ಒಮ್ಮೆಲೇ ಬಿಡಿಸಿ ಒಂಟಿಯಾಗಿ ಕೂಡಿಹಾಕಿದ ಮರಿಗಳು ಮರ ಕಚ್ಚಿ ಗಾಳಿ ನುಂಗುವಂಥ ಚಟಕ್ಕೆ ಬೀಳುತ್ತವೆ. ಒಮ್ಮೆ ಹತ್ತಿದ ಆ ಚಟ ಬಿಡಿಸುವುದು ತೀರಾ ಕಷ್ಟ. ಫಾರ್ಮ್‌ಹೌಸಿನಲ್ಲಿ ಒಂದೇ ಒಂದು ಕುದುರೆ ತಂದು ಕಟ್ಟುವವರು ಇದನ್ನು ಯೋಚಿಸಬೇಕು.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ವಯಸ್ಸಿನ ಕಾರಣದಿಂದ ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ದುಡಿಸುವುದೂ ಕ್ರೌರ್ಯವೇ. ಇದನ್ನು ಓದಿದವರೆಲ್ಲ ಮುದಿ ಪ್ರಾಣಿ ಅಂದುಕೊಳ್ಳುತ್ತಾರೆ. ವಯಸ್ಸು ಅಂದರೆ ಎಳೆ ವಯಸ್ಸೂ ಹೌದು. 1965ರ ನಿಯಮಗಳು ಹೊರೆ ಹೊರುವ ಪೋನಿಗೆ 70 ಕಿಲೋ ಮಿತಿ ಹಾಕಿವೆ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ದುಡಿಸುವಂತಿಲ್ಲ ಅಂತಲೂ ಹೇಳಿವೆ. ಮೆರವಣಿಗೆಗೆ, ಸವಾರಿಗೆ ಕುದುರೆ ಬಾಡಿಗೆ ಕೊಡುವ ಕಡೆ ಪಶುವೈದ್ಯರಿಂದ ಹಲ್ಲು ನೋಡಿಸಿ ವಯಸ್ಸಿನ ಚೀಟಿ ಇಡುವ ಕಟ್ಟುನಿಟ್ಟು ಬರಬೇಕು ಅನ್ನುವುದು ನನ್ನ ಒತ್ತಾಯ. ಇದಕ್ಕೆ ಹೊಸ ಕಾನೂನು ಬೇಡ, ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ಸಾಕು.

ಈಗಾಗಲೇ ಎರಡು ಮೂರು ವರ್ಷದ ಕುದುರೆ ತಂದಿದ್ದೀರಾ? ಮಾರುವ ಅಗತ್ಯ ಇಲ್ಲ. ಈ ವರ್ಷಗಳಲ್ಲಿ ಹತ್ತದೆಯೇ ಕಲಿಸುವುದು ಬೇಕಾದಷ್ಟಿದೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆಸಿ, ಊರೊಳಗೆ ಕರೆದುಕೊಂಡು ಹೋಗಿ, ಟ್ರ್ಯಾಕ್ಟರ್, ಬಸ್ಸು, ನಾಯಿ, ದೇವಸ್ಥಾನದ ಗಂಟೆ ಎಲ್ಲವನ್ನೂ ದೂರದಿಂದ ತೋರಿಸಿ. ಲಾಳ ಹೊಡೆಯುವವರಿಗೆ ಕಾಲು ಕೊಟ್ಟು ನಿಲ್ಲುವುದನ್ನು ಕಲಿಸಿ. ಇನ್ನೊಂದು ಕುದುರೆಯ ಜೊತೆ ಬಯಲಿಗೆ ಬಿಡಿ. ನಾಲ್ಕು ತುಂಬಿದ ಮೇಲೆ ಹಲ್ಲು ಮತ್ತು ಬೆನ್ನನ್ನು ವೈದ್ಯರಿಗೆ ತೋರಿಸಿ ಹಗುರ ಸವಾರನನ್ನು ಕೂರಿಸಿ. ಹದಿನೈದು ಇಪ್ಪತ್ತು ನಿಮಿಷ, ವಾರಕ್ಕೆ ಮೂರು ಸಲ, ಮಣ್ಣಿನ ದಾರಿಯಲ್ಲಿ. ಪೂರ್ತಿ ಬೆಳೆದ ಕುದುರೆಗೂ ಸವಾರ ಮತ್ತು ಜೀನು ಸೇರಿ ಅದರ ತೂಕದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇರಬಾರದು. 400 ಕಿಲೋದ ಕುದುರೆಗೆ 80 ಕಿಲೋ. ಎಳೆಯದಕ್ಕೆ ಅದಕ್ಕಿಂತ ಎಷ್ಟೋ ಕಮ್ಮಿ. ನಿಮ್ಮ ತೂಕ ಅದನ್ನು ದಾಟುತ್ತದೆ ಅಂದರೆ, ಮನೆಯ ಹಗುರ ಮೈಯವರು ಹತ್ತಲಿ, ನೀವು ಹಗ್ಗ ಹಿಡಿದು ಪಕ್ಕದಲ್ಲಿ ನಡೆಯಿರಿ.